ರಾಜನೇ ಕಕ್ಷಿಯಾದಾಗ ಮಧ್ಯಸ್ಥನು ಯಾರು?

ಕನ್ನಡದಲ್ಲಿ 'ಮಧ್ಯಸ್ಥ' ಎಂಬ ಶಬ್ದಕ್ಕೆ ಎರಡು ನೆಲೆಗಳಿವೆ. ಊರ ಚಾವಡಿಯಲ್ಲಿ ಅದು ವ್ಯಾಜ್ಯವಾಡುವ ಇಬ್ಬರ ನಡುವೆ ಕುಳಿತು ಮಾತು ಕೂಡಿಸುವ ಹಿರಿಯನನ್ನು ಸೂಚಿಸುತ್ತದೆ. ಜೈನಶಾಸ್ತ್ರದಲ್ಲಿ ಅದು ಒಂದು ಭಾವನೆಯನ್ನು ಸೂಚಿಸುತ್ತದೆ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ವ್ರತಿಯಾದವನು ಬೆಳೆಸಿಕೊಳ್ಳಬೇಕಾದ ನಾಲ್ಕು ಭಾವನೆಗಳನ್ನು ನಿರೂಪಿಸುತ್ತದೆ: ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶಪಡುವವರಲ್ಲಿ ಕಾರುಣ್ಯ, ಉಪದೇಶಕ್ಕೆ ಬಗ್ಗದವರಲ್ಲಿ ಮಾಧ್ಯಸ್ಥ್ಯ. ಈ ಕ್ರಮವನ್ನು ಗಮನವಿಟ್ಟು ಓದಿದವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮಾಧ್ಯಸ್ಥ್ಯವನ್ನು ಹೇಳಿರುವುದು ಹಠಮಾರಿಗಳ ವಿಷಯದಲ್ಲಿ. ಅವರ ಮೇಲೂ ದ್ವೇಷ ಹುಟ್ಟದಿರಲೆಂದು. ಕ್ಲೇಶಪಡುವವನ ವಿಷಯದಲ್ಲಿ ಹೇಳಿರುವುದು ಕಾರುಣ್ಯವನ್ನು. ಹೀಗಿರಲು, ನೊಂದವನನ್ನೂ ನೋವಿಗೆ ಕಾರಣನಾದವನನ್ನೂ ಒಂದೇ ತಣ್ಣನೆಯ ದೃಷ್ಟಿಯಿಂದ ನೋಡಿ, ಅದನ್ನೇ ಮಾಧ್ಯಸ್ಥ್ಯವೆಂದು ಕರೆಯುವುದು ಶಾಸ್ತ್ರಸಮ್ಮತವಲ್ಲ.

ಸರ್ಕಾರದ ಯೋಜನೆಗಳಿಗೂ ಪ್ರಜೆಗಳಿಗೂ ನಡುವೆ ಹುಟ್ಟುವ ವಿವಾದಗಳಲ್ಲಿ ಈ ಗೊಂದಲವು ವಿಶೇಷವಾಗಿ ಕಾಣಿಸಿಕೊಳ್ಳುತ್ತದೆ. ತುಮಕೂರು ಜಿಲ್ಲೆಯ ಉತ್ತರ ಮತ್ತು ಪೂರ್ವ ಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಕಳೆದ ಒಂದು ದಶಕದಲ್ಲಿ ಇಂಥ ವಿವಾದಗಳನ್ನು ಹತ್ತಿರದಿಂದ ಕಂಡಿವೆ. ನೀರಿಗಾಗಿ ಭೂಮಿ, ವಿದ್ಯುತ್ತಿಗಾಗಿ ಭೂಮಿ, ಕೆರೆಗಾಗಿ ನೀರು ಎಂಬ ಈ ಮೂರು ಪ್ರಸಂಗಗಳಲ್ಲಿ ಮಧ್ಯಸ್ಥಿಕೆಯೆಂಬುದು ಎಷ್ಟರಮಟ್ಟಿಗೆ ನಡೆಯಿತು, ಎಲ್ಲಿ ಸೋತಿತು ಎಂಬುದರ ಪರಿಶೀಲನೆಯು ಸಮಾಜದ ಹಿರಿಯರಿಗೂ ಬಸದಿಗಳ ಆಡಳಿತ ಮಂಡಳಿಗಳಿಗೂ ಉಪಯುಕ್ತವಾದೀತು. ಅದಕ್ಕೆ ಮೊದಲು, ಮಧ್ಯಸ್ಥಿಕೆಯನ್ನು ಅಳೆಯಲು ಒಂದು ಅಳತೆಗೋಲು ಬೇಕು. ಅದನ್ನು ಹೊರಗಿನಿಂದ ತರಬೇಕಾಗಿಲ್ಲ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿಯೇ ಅದು ಕಲ್ಲಿನ ಮೇಲೆ ಇದೆ.

ಬುಕ್ಕರಾಯನ ಶಾಸನ

ಕ್ರಿ.ಶ. 1368ರ ಆ ಶಾಸನವು ಜೈನ ಮನೆಗಳಲ್ಲಿ ಹೆಸರಿನಿಂದಲಾದರೂ ಪರಿಚಿತ. ಭವ್ಯರಾದ ಜೈನರಿಗೂ ಭಕ್ತರಾದ ಶ್ರೀವೈಷ್ಣವರಿಗೂ ವಿವಾದ ಹುಟ್ಟಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣ ಮೊದಲಾದ ನಾಡುಗಳ ಜೈನರು ತಮಗಾದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಇವುಗಳಲ್ಲಿ ಪೆನುಗೊಂಡೆಯು ಪಾವಗಡ ಸೀಮೆಗೆ ದೂರದ ಊರಲ್ಲ. ಅರಸನು ಶ್ರೀವೈಷ್ಣವರ ಆಚಾರ್ಯರನ್ನೂ ಹದಿನೆಂಟು ನಾಡಿನ ಪ್ರಮುಖರನ್ನೂ ಬರಮಾಡಿಕೊಂಡು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ಅವರ ಕೈಯಲ್ಲಿಟ್ಟನು. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಹಿಂದಿನಂತೆಯೇ ಉಂಟೆಂದು ನಿರ್ಣಯವಾಯಿತು. ಇದನ್ನು ಮತಸಹಿಷ್ಣುತೆಯ ಉದಾಹರಣೆಯಾಗಿ ಸ್ಮರಿಸುವುದು ರೂಢಿ. ಆದರೆ ಕೈಗೆ ಕೈ ಸೇರಿಸಿದ ನಂತರ ಶಾಸನವು ಮಾಡಿದ ಏರ್ಪಾಡುಗಳ ಕಡೆಗೆ ಗಮನ ಹರಿದಿರುವುದು ಕಡಿಮೆ. ಮಧ್ಯಸ್ಥಿಕೆಯ ನಿಜವಾದ ಪಾಠವಿರುವುದು ಅಲ್ಲಿ.

ಮೊದಲನೆಯದಾಗಿ, ದೂರು ಕೊಟ್ಟವರು ಯಾರು, ಉತ್ತರ ಹೇಳಬೇಕಾದವರು ಯಾರು ಎಂಬುದನ್ನು ಶಾಸನವು ಹೆಸರಿಸಿ ಹೇಳುತ್ತದೆ. ಎರಡನೆಯದಾಗಿ, ಎರಡೂ ಕಡೆಯವರ ಸಮ್ಮುಖದಲ್ಲಿ ತೀರ್ಮಾನವಾಗುತ್ತದೆ. ಮೂರನೆಯದಾಗಿ, ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸುವ ಹೊಣೆಯನ್ನು ಯಾರ ಮೇಲೆ ದೂರಿತ್ತೋ ಆ ಪಕ್ಷಕ್ಕೆ ಸೇರಿದ ತಿರುಮಲೆಯ ತಾತಯ್ಯನಿಗೇ ಒಪ್ಪಿಸಲಾಗುತ್ತದೆ. ನಾಲ್ಕನೆಯದಾಗಿ, ಅದಕ್ಕೆ ತಗಲುವ ವೆಚ್ಚದ ಮೂಲವನ್ನು, ಅಂದರೆ ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣವೆಂಬುದನ್ನು ಗೊತ್ತುಮಾಡಿ, ಉಳಿದ ಹಣವು ಜೀರ್ಣ ಜಿನಾಲಯಗಳ ಸುಣ್ಣ ಸೋದೆಗೆ ಸಲ್ಲಬೇಕೆಂದು ವಿಧಿಸಲಾಗುತ್ತದೆ. ಐದನೆಯದಾಗಿ, ಈ ತೀರ್ಮಾನವನ್ನು ರಾಜ್ಯದ ಬಸದಿಗಳಲ್ಲೆಲ್ಲ ಕಲ್ಲಿನಲ್ಲಿ ಬರೆಸಿ ನಿಲ್ಲಿಸಬೇಕೆಂದೂ, ಮೀರಿದವನು ರಾಜದ್ರೋಹಿ, ಸಂಘದ್ರೋಹಿಯೆಂದೂ ಸಾರಲಾಗುತ್ತದೆ.

ಈ ಏರ್ಪಾಡಿನಲ್ಲಿ ದೋಷವಿಲ್ಲವೆಂದು ಹೇಳಲಾಗದು. ಅನ್ಯಾಯಕ್ಕೊಳಗಾದವರೇ ಕಾವಲಿನ ವೆಚ್ಚವನ್ನು ತೆರಬೇಕಾಯಿತೆಂಬುದು ಇಂದಿನ ಓದುಗನಿಗೆ ಚುಚ್ಚುವ ಸಂಗತಿಯೇ. ಆದರೂ ಹೆಸರಿಸುವಿಕೆ, ಸಮ್ಮುಖತೆ, ಹೊಣೆಗಾರಿಕೆ, ಹಣದ ಮೂಲ, ಪ್ರಕಟಣೆ ಎಂಬ ಐದು ಅಂಗಗಳು ಅದರಲ್ಲಿ ಸ್ಪಷ್ಟವಾಗಿವೆ. ಸದ್ಭಾವನೆಯನ್ನು ಸದ್ಭಾವನೆಯ ಭರವಸೆಗೇ ಬಿಡದೆ, ಅದಕ್ಕೆ ಕೈಕಾಲು ಕೊಟ್ಟದ್ದು ಆ ಶಾಸನದ ವಿವೇಕ.

ಆದರೆ ಅಂದಿಗೂ ಇಂದಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಬುಕ್ಕರಾಯನು ಆ ವ್ಯಾಜ್ಯದಲ್ಲಿ ಕಕ್ಷಿಯಾಗಿರಲಿಲ್ಲ. ಜೈನರಿಂದ ಭೂಮಿ ಕೇಳಿದವನು ಅವನಲ್ಲ, ವಾದ್ಯ ನಿಲ್ಲಿಸಿದವನು ಅವನಲ್ಲ. ಅಣೆಕಟ್ಟು, ಕಾಲುವೆ, ವಿದ್ಯುತ್ ಸ್ಥಾವರಗಳ ವಿಷಯದಲ್ಲಿ ಸರ್ಕಾರವೇ ಬೇಡುವವನು, ಸರ್ಕಾರವೇ ಬೆಲೆ ಕಟ್ಟುವವನು, ಸರ್ಕಾರವೇ ತಕರಾರು ಕೇಳುವವನು. ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಕಂದಾಯ ಉಪವಿಭಾಗವಾಗಿದೆ. ಇಲ್ಲಿನ ಉಪವಿಭಾಗಾಧಿಕಾರಿಯ ಕುರ್ಚಿಯನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಪಹಣಿಯ ಮೇಲ್ಮನವಿ ಕೇಳುವುದು ಆ ಕುರ್ಚಿ. ಶಾಂತಿ ಕಾಪಾಡುವ ದಂಡಾಧಿಕಾರ ಆ ಕುರ್ಚಿಯದು. ಅನೇಕ ವೇಳೆ ಭೂಸ್ವಾಧೀನದ ಹೊಣೆಯೂ ಆ ಕುರ್ಚಿಗೇ ಬೀಳುತ್ತದೆ. ಅದರಲ್ಲಿ ಕುಳಿತವರು ಎಷ್ಟೇ ಸಜ್ಜನರಿರಲಿ, ರೈತನ ಎದುರಿಗೆ ಅವರು ಮಧ್ಯಸ್ಥರಾಗಲಾರರು. ಒಂದು ಕಕ್ಷಿಯ ಸೌಜನ್ಯಪೂರ್ಣ ಪ್ರತಿನಿಧಿಗಳು ಮಾತ್ರ ಆಗಬಲ್ಲರು.

ಈ ತೊಡಕು ಮೈಸೂರು ಸಂಸ್ಥಾನಕ್ಕೂ ತಿಳಿದಿತ್ತು. ದಿವಾನ್ ಸಿ. ರಂಗಾಚಾರ್ಲು ಅವರು 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಕೂಡಿಸಿದ ಪ್ರಜಾಪ್ರತಿನಿಧಿ ಸಭೆಗೆ 144 ಮಂದಿ ಪ್ರತಿನಿಧಿಗಳು ಬಂದಿದ್ದರು. ದಿವಾನರು ಸರ್ಕಾರದ ಕಾರ್ಯಗಳ ವರದಿ ಒಪ್ಪಿಸುವುದು, ತಾಲ್ಲೂಕುಗಳ ರೈತರೂ ವರ್ತಕರೂ ತಮ್ಮ ಅಹವಾಲು ಮಂಡಿಸುವುದು ಅದರ ಪದ್ಧತಿ. ಸಭೆಗೆ ಬಹುಕಾಲ ಅಧಿಕಾರವಿರಲಿಲ್ಲ. ಭೂಮಿಯಿಲ್ಲದವನಿಗೆ ಅಲ್ಲಿ ಸ್ಥಾನವಿರಲಿಲ್ಲ. ಆದರೂ ನೀತಿಯನ್ನು ರೂಪಿಸಿದವನೇ ಪ್ರಜೆಗಳ ಎದುರು ನಿಂತು ಕಾರಣ ಹೇಳಬೇಕೆಂಬ ಒಂದು ಮರ್ಯಾದೆಯನ್ನು ಅದು ಸ್ಥಾಪಿಸಿತು. ಆ ಸಭೆ 1949ರಲ್ಲಿ ಕೊನೆಗೊಂಡಿತು. ಅದರ ಜಾಗಕ್ಕೆ ಬಂದ ವಿಧಾನಮಂಡಲವು ಅದಕ್ಕಿಂತ ಬಹುಪಾಲು ಶಕ್ತಿಯುತವಾದುದು; ಆದರೆ ಒಂದು ಹೋಬಳಿಯ ನಾಲ್ಕಾರು ಹಳ್ಳಿಗಳ ಅಳಲಿಗೆ ಅಲ್ಲಿ ದೊರೆಯುವ ಸಮಯವು ಅತ್ಯಲ್ಪ.

ಬೈರಗೊಂಡ್ಲು: ಒಂದೇ ನೀರು, ಎರಡು ಬೆಲೆ

ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. ಸಕಲೇಶಪುರದ ಘಟ್ಟದ ಹೊಳೆಗಳಿಂದ 24.01 ಟಿ.ಎಂ.ಸಿ. ನೀರನ್ನು ಮೇಲೆತ್ತಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೊದಲಾದ ಬರಗಾಲದ ಜಿಲ್ಲೆಗಳಿಗೆ ಒದಗಿಸುವುದು ಅದರ ಗುರಿ. 12,912 ಕೋಟಿ ರೂಪಾಯಿಗಳೆಂದು ಹೇಳಿದ ಅಂದಾಜು ಮುಂದೆ 23,251 ಕೋಟಿಗೆ ಏರಿತು. ಮೊದಲ ಹಂತವು 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಗೊಂಡಿತು. ನೀರನ್ನು ಸಂಗ್ರಹಿಸಲು ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲುವಿನ ಬಳಿ ಜಲಾಶಯ ನಿರ್ಮಿಸುವ ಯೋಜನೆಯಾಯಿತು. ಅದರ ಮುಳುಗಡೆಯ ಪ್ರದೇಶವು ಕೊರಟಗೆರೆ ಮತ್ತು ದೊಡ್ಡಬಳ್ಳಾಪುರ ಎಂಬ ಎರಡು ತಾಲ್ಲೂಕುಗಳಿಗೆ, ಅಂದರೆ ಎರಡು ಜಿಲ್ಲೆಗಳಿಗೆ ಹರಡಿತ್ತು. ವಿವಾದವು ಹುಟ್ಟಿದ್ದು ಅಲ್ಲಿ.

2013ರ ಭೂಸ್ವಾಧೀನ ಕಾಯಿದೆಯ ಪ್ರಕಾರ ಭೂಮಿಯ ಬೆಲೆಯನ್ನು ನೋಂದಣಿಗಾಗಿ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ ಅಥವಾ ಸಮೀಪದಲ್ಲಿ ನಡೆದ ಕ್ರಯಗಳ ಸರಾಸರಿ, ಇವುಗಳಲ್ಲಿ ಹೆಚ್ಚಿನದರ ಮೇಲೆ ಲೆಕ್ಕ ಹಾಕಬೇಕು. ಗ್ರಾಮೀಣ ಪ್ರದೇಶದಲ್ಲಿ ಅದನ್ನು ಎರಡು ಪಟ್ಟಿನವರೆಗೆ ಹೆಚ್ಚಿಸಿ, ಅಷ್ಟೇ ಮೊತ್ತದ ಸಾಂತ್ವನ ಧನವನ್ನು ಸೇರಿಸಬೇಕು. ಕಾಯಿದೆಯು ಉದಾರವಾದುದೇ. ಆದರೆ ದೊಡ್ಡಬಳ್ಳಾಪುರವು ಬೆಂಗಳೂರಿನ ಮಗ್ಗುಲಿನ ತಾಲ್ಲೂಕು. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣವಾದ ಬಳಿಕ ಆ ಭಾಗದ ಭೂಮಿಯ ಬೆಲೆ ಗಗನಕ್ಕೇರಿದೆ. ಕೊರಟಗೆರೆಯದು ಹಾಗಲ್ಲ. ಮೂಲ ಬೆಲೆಯೇ ಬೇರೆಯಾದಾಗ, ಎರಡು ಪಟ್ಟು ಮಾಡಿದರೆ ಅಂತರವೂ ಎರಡು ಪಟ್ಟಾಗುತ್ತದೆ. ತಾಲ್ಲೂಕಿನ ಗಡಿಯ ಈಚೆಗೂ ಆಚೆಗೂ ಒಂದೇ ಮಣ್ಣು, ಒಂದೇ ಬೆಳೆ, ಒಂದೇ ನೀರಿನಡಿ ಮುಳುಗುವ ಹಣೆಬರಹ. ಪರಿಹಾರ ಮಾತ್ರ ಬೇರೆ ಬೇರೆ. ಏಕರೂಪದ ಪರಿಹಾರ ಬೇಕೆಂದು ಕೊರಟಗೆರೆಯ ರೈತರು ಪಟ್ಟು ಹಿಡಿದರು. ಕೆಲಸವು ವರ್ಷಗಟ್ಟಲೆ ಮುಂದೆ ಸಾಗಲಿಲ್ಲ.

ಇಲ್ಲಿ ಸರ್ಕಾರದ ವಾದವು ಸುಳ್ಳಲ್ಲ. ಕಾಯಿದೆಯ ಸೂತ್ರವನ್ನು ಎರಡೂ ಕಡೆಗೆ ಸಮಾನವಾಗಿ ಅನ್ವಯಿಸಲಾಗಿದೆಯೆಂಬುದು ಅದರ ನಿಲುವು. ರೈತರ ವಾದವೂ ಸುಳ್ಳಲ್ಲ. ಭೂಮಿ ಕಳೆದುಕೊಂಡವನು ಪುನಃ ಭೂಮಿ ಕೊಳ್ಳಲು ಹೋದಾಗ ಆಗುವ ನಷ್ಟವು ತಾಲ್ಲೂಕಿನ ಗಡಿಯನ್ನು ಕೇಳುವುದಿಲ್ಲವೆಂಬುದು ಅವರ ನಿಲುವು. ಜೈನ ನ್ಯಾಯದ ಪರಿಭಾಷೆಯಲ್ಲಿ ಇವೆರಡೂ ನಯಗಳು. ವಸ್ತುವಿನ ಒಂದು ಮುಖವನ್ನು ಸರಿಯಾಗಿಯೇ ಗ್ರಹಿಸುವ ದೃಷ್ಟಿಗಳು. ಒಂದು ನಯವು ತನ್ನನ್ನೇ ಪೂರ್ಣಸತ್ಯವೆಂದು ಸಾಧಿಸತೊಡಗಿದಾಗ ಅದು ದುರ್ನಯವಾಗುತ್ತದೆ. ಸೂತ್ರ ಸಮಾನವಾಗಿದೆ, ಆದುದರಿಂದ ಫಲವೂ ನ್ಯಾಯವೇ ಎಂದು ಸರ್ಕಾರವು ಹೇಳಿದರೆ ಅದು ದುರ್ನಯ. ರೈತರಿಗೆ ದುರಾಸೆಯೆಂದು ಪೇಟೆಯ ಜನ ಆಡಿದರೆ ಅದು ಅದಕ್ಕಿಂತ ಕೀಳಾದ ದುರ್ನಯ. ಜಲಾಶಯವನ್ನು ಒಂದು ಘಟಕವೆಂದು ಭಾವಿಸಿ ಮುಳುಗಡೆಯ ಪ್ರದೇಶಕ್ಕೆಲ್ಲ ಒಂದೇ ಬೆಲೆ ಗೊತ್ತುಮಾಡಬಹುದೆ, ಹಣದ ಬದಲು ಭೂಮಿ ಕೊಡಬಹುದೆ ಎಂಬ ಪ್ರಶ್ನೆಗಳು ಮೊದಲ ಗುದ್ದಲಿ ಬೀಳುವ ಮುನ್ನವೇ ಚರ್ಚೆಗೆ ಬರಬೇಕಾಗಿದ್ದವು. ಬೆಲೆಯ ಅಂತರವು ಮೊದಲಿನಿಂದಲೂ ನೋಂದಣಿ ಕಚೇರಿಯ ಪಟ್ಟಿಯಲ್ಲಿ ಎಲ್ಲರಿಗೂ ಕಾಣುವಂತೆ ಇತ್ತು. ಮುಂಗಾಣಬಹುದಾಗಿದ್ದ ವ್ಯಾಜ್ಯವನ್ನು ಮುಂಗಾಣದಿರುವುದು ಪ್ರಮಾದ; ಪ್ರಮಾದವೇ ಹಿಂಸೆಯ ಮೂಲವೆಂಬುದು ಜೈನರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ.

ಪಾವಗಡ: ಒಪ್ಪಿಗೆಯ ಹೊರಗೆ ಉಳಿದವರು

ಪಾವಗಡ ತಾಲ್ಲೂಕಿನ ಸೌರ ವಿದ್ಯುತ್ ಉದ್ಯಾನದ ಕಥೆ ಇದಕ್ಕೆ ವ್ಯತಿರಿಕ್ತವಾದುದು. ಮೊದಲು ಅದರ ಗುಣವನ್ನು ಹೇಳುವುದು ಧರ್ಮ. ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಹಳ್ಳಿಗಳ ಸುಮಾರು 13,000 ಎಕರೆ ಭೂಮಿಯಲ್ಲಿ 2,000 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರ ನಿರ್ಮಿಸಲು 2015ರಲ್ಲಿ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮವು ಸ್ಥಾಪನೆಗೊಂಡಿತು. ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5ರ ಏರಿಕೆ, 28 ವರ್ಷಗಳ ಅವಧಿ. ಮಳೆ ನಂಬಿ ಕಡಲೆಕಾಯಿ ಬಿತ್ತಿ, ಬಿತ್ತನೆಯ ಬೀಜವೂ ಕೈಗೆ ಬಾರದ ವರ್ಷಗಳನ್ನು ಕಂಡಿದ್ದ ರೈತನಿಗೆ ಇದು ನಿಶ್ಚಿತವಾದ ಆದಾಯ. ಹೆಸರು ಪಹಣಿಯಲ್ಲಿ ಉಳಿಯಿತು, ಬಲವಂತ ತಪ್ಪಿತು. 2018ರ ಮಾರ್ಚ್ 1ರಂದು ಉದ್ಘಾಟನೆಯಾದ ಉದ್ಯಾನವು 2019ರ ಕೊನೆಗೆ ಪೂರ್ಣ ಸಾಮರ್ಥ್ಯಕ್ಕೆ ಬಂದಿತು. ಇಷ್ಟು ವಿಸ್ತಾರವಾದ ಭೂಮಿಯು ಲಾಠಿಯೇಟಿಲ್ಲದೆ ಯೋಜನೆಯೊಂದಕ್ಕೆ ದೊರೆತದ್ದು ಅಪರೂಪವೇ ಸರಿ.

ಹಾಗಾದರೆ ವಿಮರ್ಶೆಗೆ ಎಡೆಯೆಲ್ಲಿ? ಎರಡು ಕಡೆ ಇದೆ.

ಮೊದಲನೆಯದು ಲೆಕ್ಕದ ವಿಷಯ. ಎರಡು ವರ್ಷಕ್ಕೆ ಶೇಕಡ 5 ಎಂದರೆ ವರ್ಷಕ್ಕೆ ಶೇಕಡ 2.5ಕ್ಕೂ ಸ್ವಲ್ಪ ಕಡಿಮೆ. ಆ ಕ್ರಮದಲ್ಲಿ 28ನೆಯ ವರ್ಷದ ಗುತ್ತಿಗೆಯು ಎಕರೆಗೆ ಸುಮಾರು 39,600 ರೂಪಾಯಿ ಆಗುತ್ತದೆ. ರಿಸರ್ವ್ ಬ್ಯಾಂಕು ತನ್ನ ಗುರಿಯೆಂದು ಇಟ್ಟುಕೊಂಡಿರುವ ಶೇಕಡ 4ರ ಬೆಲೆಯೇರಿಕೆಯೇ ನಡೆದರೂ, ಅಷ್ಟರಲ್ಲಿ ಬೆಲೆಗಳು ಸುಮಾರು 2.9 ಪಟ್ಟು ಆಗಿರುತ್ತವೆ. ಎಂದರೆ ಕೊನೆಯ ವರ್ಷದ ಆ ಹಣವು ಮೊದಲ ವರ್ಷದ 13,700 ರೂಪಾಯಿಯಷ್ಟು ಸಾಮಾನನ್ನು ಮಾತ್ರ ಕೊಳ್ಳಬಲ್ಲುದು. ಬಸದಿಗಳ ಆಡಳಿತ ಮಂಡಳಿಗಳಿಗೆ ಈ ಲೆಕ್ಕವನ್ನು ವಿವರಿಸಬೇಕಾಗಿಲ್ಲ. 1955ರ ಮೈಸೂರು ಧಾರ್ಮಿಕ ಇನಾಂ ರದ್ದಿಯಾತಿಯ ಬಳಿಕ, ಕೈಬಿಟ್ಟುಹೋದ ಭೂಮಿಗೆ ಬದಲಾಗಿ ಬಂದ ತಸ್ತೀಕು ಹಣವು ಅಂದು ಪೂಜೆಗೆ ಸಾಕಾಗಿ, ಮುಂದೆ ದೀಪದ ಎಣ್ಣೆಗೂ ಸಾಲದಾದುದನ್ನು ಎಷ್ಟೋ ಬಸದಿಗಳು ಕಂಡಿವೆ. ತಮ್ಮ ಅನುಭವದಲ್ಲಿ ಮಾಗಿದ ಈ ತಿಳಿವಳಿಕೆಯನ್ನು ಗುತ್ತಿಗೆಪತ್ರಕ್ಕೆ ಸಹಿ ಹಾಕುವ ನೆರೆಯ ರೈತನಿಗೆ ಹೇಳಬಲ್ಲ ಹಿರಿಯರು ಪ್ರತಿ ಊರಿನಲ್ಲಿಯೂ ಇರಬೇಕಾಗಿತ್ತು.

ಎರಡನೆಯದು ಇನ್ನೂ ಗಹನವಾದುದು. ಒಪ್ಪಂದವು ನಡೆದದ್ದು ಭೂಮಿಯುಳ್ಳವರೊಂದಿಗೆ. ಆ ಭೂಮಿಯಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಭೂಹೀನರೊಂದಿಗೆ ಯಾವ ಒಪ್ಪಂದವೂ ಆಗಲಿಲ್ಲ. ಅವರಲ್ಲಿ ಬಹುಮಂದಿ ದಲಿತರು. ಬೇಸಾಯ ನಿಂತ ಭೂಮಿಯ ಮೇಲೆ ಅವರಿಗೆ ಹಕ್ಕಿರಲಿಲ್ಲ; ಹಕ್ಕಿಲ್ಲದ ಮೇಲೆ ಬಾಡಿಗೆಯೂ ಇರಲಿಲ್ಲ. ಫಲಕಗಳ ನಡುವೆ ಹುಲ್ಲು ಕೊಯ್ಯುವುದು, ಫಲಕ ತೊಳೆಯುವುದು, ಕಾವಲು ಕಾಯುವುದು ಇಂಥ ಕೆಲಸಗಳು ಕೆಲವರಿಗೆ ದೊರೆತವು. ಬೇಸಾಯವು ಕೊಡುತ್ತಿದ್ದಷ್ಟು ಕೈಗಳಿಗೆ ದೊರೆಯಲಿಲ್ಲ. ಕುರಿ ಮೇಯಿಸುವವರ ಗೋಮಾಳದ ದಾರಿಗೆ ಬೇಲಿ ಬಂದಿತು. ಇವರ ಅಳಲನ್ನು ಕೇಳಲು ಕಾಯಿದೆಯ ಬಾಗಿಲೂ ಇರಲಿಲ್ಲ. ಸ್ವಾಧೀನವಲ್ಲ, ಗುತ್ತಿಗೆ ಎಂದುದರಿಂದ 2013ರ ಕಾಯಿದೆಯ ಸಾಮಾಜಿಕ ಪರಿಣಾಮದ ಅಧ್ಯಯನವು ಅನ್ವಯಿಸಲಿಲ್ಲ. ಸೌರ ಸ್ಥಾವರಗಳಿಗೆ ಪರಿಸರ ಅನುಮತಿ ಬೇಡವೆಂಬ ನಿಯಮವಿರುವುದರಿಂದ ಅದರ ಅಂಗವಾದ ಸಾರ್ವಜನಿಕ ವಿಚಾರಣೆಯೂ ನಡೆಯಬೇಕಾಗಿರಲಿಲ್ಲ. ಬಲವಂತ ತಪ್ಪಿಸಿದ ಉಪಾಯವೇ ಮಾತನಾಡುವ ಸ್ಥಳವನ್ನೂ ತಪ್ಪಿಸಿತು.

ಇಬ್ಬರು ಒಪ್ಪಿದರೆ ಜಗಳವಿಲ್ಲ, ಜಗಳವಿಲ್ಲದಿದ್ದರೆ ಮಧ್ಯಸ್ಥಿಕೆ ಬೇಡ ಎಂಬ ಎಣಿಕೆಯು ಎಷ್ಟು ಅಪೂರ್ಣವೆಂಬುದಕ್ಕೆ ಇದು ನಿದರ್ಶನ. ಕೆಲವು ನೋವುಗಳು ಜಗಳವಾಗಿ ಹೊರಬರುವುದೇ ಇಲ್ಲ. ನೊಂದವನು ಗಂಟು ಕಟ್ಟಿಕೊಂಡು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೊರಟುಹೋಗುತ್ತಾನೆ. ಊರು ಶಾಂತವಾಗಿದೆಯೆಂದು ವರದಿಯಾಗುತ್ತದೆ. ಕ್ಲಿಶ್ಯಮಾನರಲ್ಲಿ ಕಾರುಣ್ಯವೆಂಬ ಮಾತಿನ ಅರ್ಥವು ಇಲ್ಲಿಯೇ ಪರೀಕ್ಷೆಗೆ ಒಳಗಾಗುವುದು: ಕೂಗಿದವನನ್ನು ಕೇಳುವುದು ಆಡಳಿತ, ಕೂಗಲಾರದವನನ್ನು ಹುಡುಕಿಕೊಂಡು ಹೋಗುವುದು ಕಾರುಣ್ಯ.

ಮದಲೂರು ಕೆರೆ: ಚುನಾವಣೆಯೇ ಮಧ್ಯಸ್ಥನಾದಾಗ

ಶಿರಾ ತಾಲ್ಲೂಕಿನ ಮದಲೂರು ಕೆರೆಗೆ ಹೇಮಾವತಿಯ ನೀರು ಹರಿಸಬೇಕೆಂಬುದು ಬಹುಕಾಲದ ಬೇಡಿಕೆ. ಕಾವೇರಿ ಕೊಳ್ಳದ ನೀರಿನ ಹಂಚಿಕೆ, ಕಾಲುವೆಯ ಮೇಲ್ಭಾಗದ ತಾಲ್ಲೂಕುಗಳ ಹಕ್ಕು, ಕುಡಿಯುವ ನೀರಿನ ಆದ್ಯತೆ ಇವುಗಳ ನಡುವೆ ಸಿಲುಕಿದ ಸೂಕ್ಷ್ಮ ವಿಷಯವದು. 2020ರ ನವೆಂಬರ್ 3ರಂದು ನಡೆದ ಶಿರಾ ಉಪಚುನಾವಣೆಯಲ್ಲಿ ಆ ಕೆರೆಯು ಪ್ರಚಾರದ ಮುಖ್ಯ ವಿಷಯವಾಯಿತು, ವಾಗ್ದಾನಗಳು ಕೇಳಿಬಂದವು. ವಾಗ್ದಾನದಿಂದ ಒಳ್ಳೆಯದೇ ಆಗಬಹುದು. ಆದರೆ ಹಂಚಿಕೆಯ ನಿಯಮವನ್ನು ಎಲ್ಲ ತಾಲ್ಲೂಕುಗಳ ರೈತರೂ ಕೂಡಿ ಚರ್ಚಿಸಿ ಗೊತ್ತುಮಾಡದೆ, ಮತದ ಒತ್ತಡದಿಂದ ದೊರೆತ ನೀರು ಹಕ್ಕಾಗುವುದಿಲ್ಲ, ಅನುಗ್ರಹವಾಗುತ್ತದೆ. ಅನುಗ್ರಹವು ಮುಂದಿನ ವರ್ಷ ಬರಬಹುದು, ಬಾರದಿರಬಹುದು. ಕಾಲುವೆಯ ಒಂದು ಊರಿಗೆ ಹಬ್ಬವಾದದ್ದು ಇನ್ನೊಂದು ಊರಿಗೆ ಆತಂಕವಾಗುತ್ತದೆ. ನಾಲ್ಕು ತಾಲ್ಲೂಕುಗಳ ರೈತರು ಪರಸ್ಪರ ವೈರಿಗಳಂತೆ ನಿಲ್ಲುವುದಕ್ಕೆ ಇಂಥ ಅನುಗ್ರಹಗಳೇ ಕಾರಣ.

ಕಾಯಿದೆಯಲ್ಲಿರುವ ಬಿರುಕು

ಸಂಸತ್ತು 2023ರಲ್ಲಿ ಮಧ್ಯಸ್ಥಿಕೆಯನ್ನು ಕುರಿತೇ ಒಂದು ಕಾಯಿದೆಯನ್ನು ಮಾಡಿದೆ. ನೆರೆಹೊರೆಯ ಶಾಂತಿಗೆ ಭಂಗ ತರುವ ವಿವಾದಗಳನ್ನು ಊರಿನ ಗೌರವಾನ್ವಿತರು ಬಗೆಹರಿಸುವ ಸಮುದಾಯ ಮಧ್ಯಸ್ಥಿಕೆಯ ಕಲ್ಪನೆಯೂ ಅದರಲ್ಲಿದೆ. ಇದನ್ನು ಓದಿ ಸಂತೋಷಪಡುವವರು ಅದರ ಮೊದಲನೆಯ ಅನುಸೂಚಿಯನ್ನೂ ಓದಬೇಕು. ಭೂಸ್ವಾಧೀನ ಮತ್ತು ಅದರ ಪರಿಹಾರದ ನಿರ್ಣಯವನ್ನು ಅಲ್ಲಿ ಕಾಯಿದೆಯ ವ್ಯಾಪ್ತಿಯಿಂದ ಹೊರಗಿಡಲಾಗಿದೆ. ಸರ್ಕಾರವು ಕಕ್ಷಿಯಾಗಿರುವ ವಿವಾದಗಳಲ್ಲಿ ವಾಣಿಜ್ಯ ಸ್ವರೂಪದವುಗಳಿಗೆ ಮಾತ್ರ ಅದರ ಬಾಗಿಲು ತೆರೆದಿದೆ. ಗುತ್ತಿಗೆದಾರನು ಸರ್ಕಾರದೊಡನೆ ಮಧ್ಯಸ್ಥರ ಮುಂದೆ ಕುಳಿತುಕೊಳ್ಳಬಹುದು. ಬೈರಗೊಂಡ್ಲುವಿನ ರೈತನು ಕುಳಿತುಕೊಳ್ಳುವಂತಿಲ್ಲ. ಇನ್ನು ರಾಜ್ಯದಲ್ಲಿ, 2013ರ ಭೂಸ್ವಾಧೀನ ಕಾಯಿದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯು ಕೆಲವು ವರ್ಗದ ಯೋಜನೆಗಳನ್ನು ಸಾಮಾಜಿಕ ಪರಿಣಾಮದ ಅಧ್ಯಯನದಿಂದ ಬಿಡುಗಡೆ ಮಾಡಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. ಹೀಗೆ ವಿವಾದ ಹುಟ್ಟುವ ಮುನ್ನ ಮಾತನಾಡುವ ಸ್ಥಳವೂ ಕಿರಿದಾಗಿದೆ, ಹುಟ್ಟಿದ ಮೇಲೆ ಮಾತನಾಡುವ ಸ್ಥಳವೂ ಇಲ್ಲ. ಉಳಿದಿರುವುದು ನ್ಯಾಯಾಲಯದ ಮೆಟ್ಟಿಲು ಮತ್ತು ತಾಲ್ಲೂಕು ಕಚೇರಿಯ ಮುಂದಿನ ಧರಣಿ.

ಒಂದು ಬಲವಾದ ಆಕ್ಷೇಪ

ಇದಕ್ಕೆ ಪ್ರಾಮಾಣಿಕವಾದ ಒಂದು ಆಕ್ಷೇಪವಿದೆ. ಅದನ್ನು ಲಘುವಾಗಿ ತಳ್ಳಿಹಾಕಲಾಗದು. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಅಂಶವು ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ಮಾನದಂಡ. ಅದು ದಾಟಿದ ನೀರನ್ನು ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಹಿರಿಯರ ಮೂಳೆ ಸೆಟೆಯುತ್ತದೆ. ಹೊರಗಿನ ನೀರು ತರುವ ಯೋಜನೆಯು ಮಾತುಕತೆಯಲ್ಲಿ ಒಂದು ವರ್ಷ ತಡವಾದರೆ ಆ ವರ್ಷದ ವಿಷವನ್ನು ಕುಡಿಯುವವರು ಯಾರು? ಚುನಾಯಿತ ಸರ್ಕಾರವು ಬಹುಜನಹಿತಕ್ಕಾಗಿ ನಿರ್ಧಾರ ಮಾಡಿದ ಮೇಲೆ ಪ್ರತಿಯೊಬ್ಬನ ಒಪ್ಪಿಗೆಗಾಗಿ ಕಾಯುತ್ತ ಕುಳಿತರೆ ಯಾವ ಕೆಲಸ ನಡೆದೀತು? ಎತ್ತಿನಹೊಳೆಯ ವಿಷಯದಲ್ಲಿ ಘಟ್ಟದ ಕಾಡು ಮತ್ತು ನೇತ್ರಾವತಿಯ ಹರಿವಿನ ಬಗ್ಗೆ ದಕ್ಷಿಣ ಕನ್ನಡದ ಜನರಿಗೂ ತಕರಾರಿತ್ತು. ಎಲ್ಲರನ್ನೂ ಕೇಳುವುದೆಂದರೆ ಕೊನೆಯೆಲ್ಲಿ?

ಆಕ್ಷೇಪದ ಮೊದಲ ಭಾಗವು ಸತ್ಯ. ಬಾಯಾರಿದವನೂ ಕ್ಲಿಶ್ಯಮಾನನೇ, ಮಧ್ಯಸ್ಥನ ಕಾರುಣ್ಯವು ಮುಳುಗಡೆಯವನಿಗೆ ಮಾತ್ರ ಮೀಸಲಲ್ಲ. ಆದುದರಿಂದಲೇ ಮಧ್ಯಸ್ಥಿಕೆಗೆ ಕಾಲಮಿತಿ ಬೇಕು, ಬಾಯಾರಿದ ಹಳ್ಳಿಯ ಪ್ರತಿನಿಧಿಯೂ ಆ ಚಾಪೆಯ ಮೇಲೆ ಕುಳಿತಿರಬೇಕು. ಆದರೆ ಎರಡನೆಯ ಭಾಗವು ಅನುಭವಕ್ಕೆ ವಿರುದ್ಧ. ಬೈರಗೊಂಡ್ಲುವಿನಲ್ಲಿ ಕೆಲಸ ತಡವಾದದ್ದು ಮಾತುಕತೆ ಹೆಚ್ಚಾದುದರಿಂದಲ್ಲ. ಆಗಬೇಕಾದ ಕಾಲದಲ್ಲಿ ಆಗದೆ ಹೋದುದರಿಂದ. ಆರು ತಿಂಗಳ ಸಮಾಲೋಚನೆಯನ್ನು ಉಳಿಸಲು ಹೋಗಿ ಆರು ವರ್ಷ ಕಳೆದುಕೊಳ್ಳುವುದು ಮಿತವ್ಯಯವೆನಿಸದು. ಎಲ್ಲರ ಒಪ್ಪಿಗೆ ಪಡೆಯುವುದಕ್ಕೂ ಎಲ್ಲರ ಮಾತು ಕೇಳುವುದಕ್ಕೂ ಅಂತರವಿದೆ. ಕೇಳಿದ ಮೇಲೂ ಸರ್ಕಾರವು ಬೇರೆಯೇ ನಿರ್ಧಾರ ಮಾಡಬಹುದು. ಆದರೆ ಕಾರಣವನ್ನು ಬರೆದು ತಿಳಿಸಬೇಕು. ಸೋತವನಿಗೂ ತಾನೇಕೆ ಸೋತೆನೆಂಬುದು ತಿಳಿದರೆ ಅವನ ಮನಸ್ಸಿನಲ್ಲಿ ಉಳಿಯುವ ಕಷಾಯವು ಕಡಿಮೆಯಾಗುತ್ತದೆ.

ಸಮಾಜದ ಹಿರಿಯರ ಪಾಲು

ಮಧುಗಿರಿಯಲ್ಲಿ ಕೋಟೆಯ ಬೆಟ್ಟದ ಬುಡಕ್ಕೆ ಮಲ್ಲಿನಾಥ ಬಸದಿಯಿದೆ. ಪಾವಗಡ ತಾಲ್ಲೂಕಿನ ನಿಡುಗಲ್ಲು ಒಂದು ಕಾಲಕ್ಕೆ ಜಿನಾಲಯದ ಶಾಸನಗಳನ್ನು ಬರೆಸಿದ ರಾಜಧಾನಿ. ಇಂದು ಈ ಭಾಗದಲ್ಲಿ ಜೈನರ ಸಂಖ್ಯೆ ಅಲ್ಪ. ಆದರೆ ವ್ಯಾಪಾರ, ವಿದ್ಯೆ, ನಡತೆಗಳಿಂದ ಬಂದ ಗೌರವವು ಸಂಖ್ಯೆಯನ್ನು ಮೀರಿದುದು. ಆದುದರಿಂದ ಊರಿನ ಶಾಂತಿಸಭೆಗಳಿಗೆ ಹಿರಿಯರನ್ನು ಕರೆಯುವುದು ಹೊಸತಲ್ಲ. ಅಂಥ ಸಭೆಗಳಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಹಿರಿಯರನ್ನು ಅಧಿಕಾರಿಗಳ ಸಾಲಿನಲ್ಲಿ ಕುರ್ಚಿಯ ಮೇಲೆ ಕೂರಿಸಲಾಗುತ್ತದೆ. ರೈತರು ಎದುರಿಗೆ ನಿಂತಿರುತ್ತಾರೆ. ಹಿರಿಯರು ತ್ಯಾಗದ ಮಹಿಮೆಯನ್ನೂ ಅಪರಿಗ್ರಹದ ಶ್ರೇಷ್ಠತೆಯನ್ನೂ ಹೇಳಿ, ನಾಡಿನ ಹಿತಕ್ಕಾಗಿ ಸಹಕರಿಸಬೇಕೆಂದು ವಿನಂತಿಸುತ್ತಾರೆ.

ಅಪರಿಗ್ರಹವು ಮಹಾವ್ರತ. ಆದರೆ ಎರಡು ಎಕರೆ ಕಳೆದುಕೊಳ್ಳುವವನಿಗೆ ಅದನ್ನು ಬೋಧಿಸಿ, ಹದಿಮೂರು ಸಾವಿರ ಎಕರೆ ಕೂಡಿಸುವವನ ಎದುರು ಮೌನವಾಗಿರುವುದು ವ್ರತದ ದುರ್ಬಳಕೆ. ತಾನು ಬಿಡುವುದು ತ್ಯಾಗ. ಇನ್ನೊಬ್ಬನಿಂದ ಬಿಡಿಸುವುದು ತ್ಯಾಗವಲ್ಲ. ಈ ವಿವೇಕವಿಲ್ಲದ ಹಿರಿಯರು ಮಧ್ಯಸ್ಥರಾಗಿ ಹೋಗಿ, ತಿಳಿಯದೆಯೇ ಒಂದು ಕಕ್ಷಿಯ ವಕಾಲತ್ತು ವಹಿಸಿ ಬಂದಿರುತ್ತಾರೆ.

ಹಾಗೆಂದು ಕರೆಯನ್ನು ನಿರಾಕರಿಸುವುದೂ ಸರಿಯಲ್ಲ. ಸರ್ಕಾರವು ಕಕ್ಷಿಯಾದ ವಿವಾದದಲ್ಲಿ, ಸರ್ಕಾರದ ಸಂಬಳವಿಲ್ಲದ, ಚುನಾವಣೆಗೆ ನಿಲ್ಲದ, ಎರಡೂ ಕಡೆಯ ಗೌರವಕ್ಕೆ ಪಾತ್ರರಾದ ಜನರ ಅಗತ್ಯ ಹೆಚ್ಚಾಗಿಯೇ ಇದೆ. ಕಾಯಿದೆಯು ಕೊಡದ ಸ್ಥಳವನ್ನು ಬಸದಿಯ ಸಭಾಭವನವು ಕೊಡಬಲ್ಲುದು. ಆದರೆ ಹೋಗುವ ಮುನ್ನ ಬುಕ್ಕರಾಯನ ಶಾಸನದ ಐದು ಅಂಗಗಳನ್ನು ನೆನೆಯಬೇಕು. ಕಕ್ಷಿಗಳು ಯಾರೆಂಬುದನ್ನು ಹೆಸರಿಸಿ ಬರೆಯುವುದು. ಭೂಮಿಯುಳ್ಳವರ ಜತೆಗೆ ಕೂಲಿಯವರನ್ನೂ ಕುರಿಗಾಹಿಗಳನ್ನೂ ಆ ಪಟ್ಟಿಗೆ ಸೇರಿಸುವುದು. ಎಲ್ಲರೂ ಸಮಾನವಾದ ಆಸನದಲ್ಲಿ ಕುಳಿತಲ್ಲದೆ ಮಾತು ಆರಂಭಿಸದಿರುವುದು. ಒಪ್ಪಿದ ಪ್ರತಿಯೊಂದು ಅಂಶಕ್ಕೂ ಹೊಣೆಗಾರರಾದ ಅಧಿಕಾರ ಸ್ಥಾನವನ್ನೂ ದಿನಾಂಕವನ್ನೂ ಗೊತ್ತುಮಾಡುವುದು. ಹಣವು ಯಾವ ಲೆಕ್ಕದಿಂದ ಬರುತ್ತದೆಂಬುದನ್ನು ಕೇಳಿ ತಿಳಿಯುವುದು. ತೀರ್ಮಾನವನ್ನು ಕನ್ನಡದಲ್ಲಿ ಬರೆಸಿ ಗ್ರಾಮಪಂಚಾಯಿತಿಯ ಗೋಡೆಗೆ ಹಚ್ಚಿಸುವುದು. ಇವುಗಳಿಗೆ ಆರನೆಯದೊಂದನ್ನು ಸೇರಿಸಬೇಕು: ಯೋಜನೆಯ ಪ್ರದೇಶದಲ್ಲಿ ತನಗಾಗಲಿ ತನ್ನ ಬಂಧುಗಳಿಗಾಗಲಿ ಭೂಮಿಯಿದ್ದರೆ, ಗುತ್ತಿಗೆಯಿದ್ದರೆ, ಅದನ್ನು ಸಭೆಗೆ ಮೊದಲು ತಿಳಿಸಿ ಹಿಂದೆ ಸರಿಯುವುದು. ಪರರ ಪರಿಗ್ರಹವನ್ನು ತೂಗಲು ಹೊರಟವನ ಕೈ ಮೊದಲು ಬರಿದಾಗಿರಬೇಕು.

ಇವು ದೊಡ್ಡ ಸಾಹಸಗಳಲ್ಲ. ಒಂದು ನೋಟುಪುಸ್ತಕ, ಒಂದು ಚಾಪೆ, ನಾಲ್ಕು ಸಂಜೆಗಳ ಬಿಡುವು ಇದ್ದರೆ ನಡೆಯುವಂಥವು. ಬೆಳಗೊಳದ ಕಲ್ಲಿನ ಮೇಲೆ ಬರೆದುದು ಆರೂವರೆ ಶತಮಾನಗಳ ಬಳಿಕವೂ ಓದಲು ಸಿಗುತ್ತಿದೆ. ಪಾವಗಡದ ಗುತ್ತಿಗೆಪತ್ರಗಳ ಅವಧಿ ಮುಗಿಯುವ ದಿನ, ಅಂದಿನ ಕೂಲಿಕಾರರ ಮಕ್ಕಳು ತಮ್ಮ ತಂದೆತಾಯಂದಿರ ಮಾತನ್ನು ಯಾರಾದರೂ ಬರೆದಿಟ್ಟಿದ್ದರೇ ಎಂದು ಕೇಳಿದರೆ ತೋರಿಸಲು ಒಂದು ಹಾಳೆಯಾದರೂ ಆ ಊರುಗಳಲ್ಲಿ ಇರಬೇಕು. ಅದನ್ನು ಬರೆದಿಡುವ ಕೆಲಸಕ್ಕೆ ಕಾಲ ಇನ್ನೂ ಮೀರಿಲ್ಲ.